ಮೂರು ಕಾಸಿನ ಬೆಲೆ ಎಷ್ಟು?

ದೀಪಾವಳಿಗೆ ಇನ್ನು ನಾಲ್ಕು ದಿನಗಳಿದ್ದುವು. ಸಂಜೆ ಶಾಲೆ ಬಿಟ್ಟು ಮಕ್ಕಳೆಲ್ಲ ಹೋದ ಮೇಲೆ ನಮ್ಮ ಊರಿನ ರೈತರೊಬ್ಬರು ಹಳೆಯ ಹಿತ್ತಾಳೆಯ ಚೊಂಬೊಂದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ನಮ್ಮ ಕೊಠಡಿಗೆ ಬಂದರು. ಅವರ ಮಗಳು ನಮ್ಮ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿಯೇ ಓದಿ ಆಗ ತಾನೇ ಹಿಂದೂಪುರದ ಕಾಲೇಜಿಗೆ ಸೇರಿದ್ದಳು. ಆ ವರ್ಷ ಕಡಲೆಕಾಯಿ ಕೈಕೊಟ್ಟಿತ್ತು. ಮಗಳ ಶುಲ್ಕದ ಎರಡನೆಯ ಕಂತು ಬಾಕಿಯಿತ್ತು.

"ಮೇಷ್ಟ್ರೇ, ಅಟ್ಟ ಗುಡಿಸುವಾಗ ಇದು ಸಿಕ್ಕಿತು. ನಮ್ಮಜ್ಜಿ ಕೂಡಿಟ್ಟದ್ದು. ಎಲ್ಲಾ ತಾಮ್ರವೇ. ಗುಜರಿಯವನು ಏಳು ನೂರು ಕೊಡ್ತೀನಿ ಅಂತಾನೆ. ಫೋನಿನಲ್ಲಿ ಯಾರೋ ಒಬ್ಬ, ಒಂದೊಂದು ಬಿಲ್ಲೆಗೂ ಲಕ್ಷ ಬರುತ್ತೆ, ಮೊದಲು ಎರಡೂವರೆ ಸಾವಿರ ಕಟ್ಟಿ ಅಂತಾನೆ. ನಮ್ಮ ಭಾವಮೈದುನ, ಮಾರಲೇಬೇಡಿ, ತಾಮ್ರ ಏರ್ತಾ ಇದೆ, ಇನ್ನೂ ನಾಲ್ಕು ಕೆ.ಜಿ. ಕೊಂಡು ಇದರ ಜೊತೆಗೇ ಇಡಿ ಅಂತಾನೆ. ನೀವೇ ಹೇಳಿ, ಯಾವುದು ಸರಿ?"

ಒಂದು ಚೊಂಬಿಗೆ ಮೂರು ಸಲಹೆಗಳು. ಮೂರನ್ನೂ ಲೆಕ್ಕಕ್ಕೆ ಒಡ್ಡದೆ ಉತ್ತರ ಹೇಳುವುದು ಉಪಾಧ್ಯಾಯ ವೃತ್ತಿಗೆ ಸಲ್ಲದು. ಆದುದರಿಂದ ಆ ಸಂಜೆ ನಾವಿಬ್ಬರೂ ಮೇಜಿನ ಮೇಲೆ ಕಾಗದ ಹರಡಿ ಕಾಸುಗಳನ್ನು ಸುರಿದುಕೊಂಡು ಕುಳಿತೆವು. ಇಂತಹ ಚೊಂಬು, ಡಬ್ಬಿ, ಗಂಟುಗಳು ಗಡಿಯಾಚೆಯ ನಮ್ಮ ಕನ್ನಡ ಮನೆಗಳಲ್ಲಿ ಇನ್ನೂ ಎಷ್ಟೋ ಇರಬಹುದಾದುದರಿಂದ ಆ ಲೆಕ್ಕವನ್ನು ವಾಚಕರ ಮುಂದೆಯೂ ಇಡುತ್ತಿದ್ದೇವೆ.

ಚೊಂಬಿನಲ್ಲಿ ಇದ್ದುದೇನು?

ಮೊದಲು ಬಿಲ್ಲೆಗಳನ್ನು ಜಾತಿವಾರು ವಿಂಗಡಿಸಿದೆವು. ರಾಣಿ ವಿಕ್ಟೋರಿಯಾಳ ಮುಖವಿರುವ ದಪ್ಪನೆಯ ಕಾಲಾಣೆಗಳು 60. ಇವು ಅಪ್ಪಟ ತಾಮ್ರ. ಕಂಪನಿ ಸರ್ಕಾರ 1835ರಲ್ಲಿ ಗೊತ್ತುಪಡಿಸಿದ ತೂಕದಂತೆ ಇಂತಹ ಒಂದೊಂದು ಕಾಲಾಣೆಯೂ ಸುಮಾರು 6.48 ಗ್ರಾಂ ಇರಬೇಕು. ನಮ್ಮ ಹಿರಿಯರು ಮೂರು ಕಾಸು ಎಂದು ಕರೆಯುತ್ತಿದ್ದುದು ಇದನ್ನೇ. ಒಂದಾಣೆಗೆ ಹನ್ನೆರಡು ಕಾಸು, ಕಾಲಾಣೆಗೆ ಮೂರು ಕಾಸು, ರೂಪಾಯಿಗೆ ಅರವತ್ತನಾಲ್ಕು ಕಾಲಾಣೆ. "ಮೂರು ಕಾಸಿನ ಮರ್ಯಾದೆಯೂ ಇಲ್ಲ" ಎಂದು ನಾವು ಇಂದಿಗೂ ಬೈಯುವಾಗ ನೆನೆಯುವುದು ಈ ನಾಣ್ಯವನ್ನೇ.

ಮುಂದಿನ ಗುಂಪು ಎಡ್ವರ್ಡ್ ಮತ್ತು ಜಾರ್ಜ್ ದೊರೆಗಳ ಕಾಲದ ಕಾಲಾಣೆಗಳು, 140 ಇದ್ದುವು. ನೋಡಲು ತಾಮ್ರವೇ, ಆದರೆ ಅಪ್ಪಟವಲ್ಲ. 1906ರಲ್ಲಿ ಸರ್ಕಾರ ತಾಮ್ರವನ್ನು ಬಿಟ್ಟು ಕಂಚನ್ನು ಹಿಡಿಯಿತು. ನೂರಕ್ಕೆ ತೊಂಬತ್ತೈದು ಭಾಗ ತಾಮ್ರ, ಉಳಿದ ಐದು ಭಾಗ ತವರ ಮತ್ತು ಸತು. ತೂಕವೂ 4.86 ಗ್ರಾಮಿಗೆ ಇಳಿಯಿತು. ಮೂರನೆಯ ಗುಂಪು 1943ರಿಂದ 1947ರವರೆಗಿನ ತೂತಿನ ಬಿಲ್ಲೆಗಳು, 112. ಎರಡನೆಯ ಮಹಾಯುದ್ಧದಲ್ಲಿ ಲೋಹಕ್ಕೆ ಬರ ಬಂದಾಗ ನಾಣ್ಯದ ನಡುಭಾಗವನ್ನೇ ತೆಗೆದು, ಎರಡು ಗ್ರಾಮಿಗಿಂತ ಕಡಿಮೆ ತೂಕದಲ್ಲಿ ಅದೇ ಕಾಲಾಣೆಯ ಬೆಲೆಗೆ ಚಲಾವಣೆಗೆ ಬಿಟ್ಟರು. ಕೊನೆಯ ಗುಂಪು 1957ರ ಏಪ್ರಿಲ್ 1ರಿಂದ ದಶಮಾನ ಪದ್ಧತಿಯೊಡನೆ ಬಂದ ಕಂಚಿನ ನಯಾಪೈಸೆಗಳು. ಸರಿಯಾಗಿ ನೂರು ಇದ್ದುವು. ಒಂದರ ತೂಕ ಒಂದೂವರೆ ಗ್ರಾಂ.

ಇವೆಲ್ಲದರ ತಳದಲ್ಲಿ ಬೇರೆಯೇ ಬಗೆಯ ಮೂರು ದಪ್ಪ ಬಿಲ್ಲೆಗಳಿದ್ದುವು. ಅವನ್ನು ಬದಿಗಿಟ್ಟೆವು; ಅವುಗಳ ಕಥೆ ಮುಂದೆ ಬರುತ್ತದೆ.

ವಾಚಕರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಒಂದೇ ಚೊಂಬಿನಲ್ಲಿ ನೂರು ವರ್ಷಗಳ ಇಳಿಜಾರು ಕಾಣುತ್ತದೆ. ರೂಪಾಯಿಗೆ ಸಲ್ಲುವ ಬಿಡಿಗಾಸಿನಲ್ಲಿ ವಿಕ್ಟೋರಿಯಾಳ ಕಾಲದಲ್ಲಿ ಸುಮಾರು 415 ಗ್ರಾಂ ತಾಮ್ರವಿತ್ತು. 1906ರ ನಂತರ ಕಂಚು 311 ಗ್ರಾಂ. ಯುದ್ಧಕಾಲದಲ್ಲಿ ಸುಮಾರು 125 ಗ್ರಾಂ. ನಯಾಪೈಸೆಯಲ್ಲಿ 150 ಗ್ರಾಂ. 1962ರಲ್ಲಿ ನಯಾಪೈಸೆಗೆ ಹಿತ್ತಾಳೆಯ ಬಣ್ಣದ ಮಿಶ್ರಲೋಹ ಬಂತು, 1965ರಲ್ಲಿ ಅಲ್ಯೂಮಿನಿಯಂ ಬಂತು. ಲೋಹದ ಬೆಲೆ ನಾಣ್ಯದ ಮುಖಬೆಲೆಯನ್ನು ಮುಟ್ಟಲು ಬಂದಾಗಲೆಲ್ಲ ಸರ್ಕಾರವು ಲೋಹವನ್ನು ಇಳಿಸಿತು, ಇಲ್ಲವೇ ಬದಲಿಸಿತು. ಹಾಗೆ ಮಾಡದಿದ್ದರೆ ನಾಣ್ಯಗಳು ಸಂತೆಯಲ್ಲಿ ಉಳಿಯದೆ ಮೂಸೆಗೆ ಹೋಗಿಬಿಡುತ್ತವೆ.

ಗುಜರಿಯವನ ಲೆಕ್ಕ

ಮುದ್ರೆಯ ತೂಕದಂತೆ ನಾಲ್ಕು ಗುಂಪುಗಳೂ ಸೇರಿ 1 ಕೆ.ಜಿ. 437 ಗ್ರಾಂ ಇರಬೇಕಾಗಿತ್ತು. ವಿಜ್ಞಾನದ ಕೊಠಡಿಯ ತಕ್ಕಡಿಯಲ್ಲಿ ತೂಗಿದಾಗ 1 ಕೆ.ಜಿ. 420 ಗ್ರಾಂ ಬಂತು. ಉಳಿದ ಹದಿನೇಳು ಗ್ರಾಂ, ಮೂರು ತಲೆಮಾರಿನ ಬೆರಳುಗಳು ಸವೆಸಿದ ಪಾಲು. ಮುಖಬೆಲೆಯನ್ನು ಕೂಡಿದರೆ ಐದು ರೂಪಾಯಿ ಹದಿನಾಲ್ಕಾಣೆ. ಆ ಅಜ್ಜಿಯ ಆಯುಷ್ಯದ ಬಿಡಿಗಾಸಿನ ಉಳಿತಾಯ ಇಷ್ಟು.

ತಾಮ್ರದ ದರ ದಿನದಿನಕ್ಕೂ ಏರಿಳಿಯುತ್ತದೆ. ಲೆಕ್ಕಕ್ಕೆಂದು ಶುದ್ಧ ತಾಮ್ರಕ್ಕೆ ಕೆ.ಜಿ.ಗೆ 800 ರೂಪಾಯಿ ಎಂದಿಟ್ಟುಕೊಳ್ಳೋಣ. ಆಗ ಇಡೀ ಚೊಂಬಿನ ಲೋಹಕ್ಕೆ 1136 ರೂಪಾಯಿ. ಆದರೆ ಈ ಬೆಲೆ ನಮ್ಮ ಕೈಗೆ ಬರುವುದಿಲ್ಲ. ಗುಜರಿಯವನು ಕಂಚನ್ನು ತಾಮ್ರದ ಬೆಲೆಗೆ ಕೊಳ್ಳುವುದಿಲ್ಲ. ಅದನ್ನು ಮತ್ತೆ ಶುದ್ಧಿ ಮಾಡುವ ಖರ್ಚು, ಸಾಗಾಣಿಕೆ, ತನ್ನ ಲಾಭ ಎಲ್ಲವನ್ನೂ ಕಳೆದೇ ದರ ಹೇಳುತ್ತಾನೆ. ಕೆ.ಜಿ.ಗೆ 500ರಂತೆ ಅವನು ಹೇಳಿದ ಏಳು ನೂರು ರೂಪಾಯಿಯಲ್ಲಿ ಮೋಸವೇನೂ ಇರಲಿಲ್ಲ. ಲೋಹದ ಲೆಕ್ಕದಲ್ಲಿ ಅದು ನ್ಯಾಯವಾದ ಬೆಲೆಯೇ.

ಆದರೂ ಅವನಿಗೆ ಮಾರಬೇಡಿರೆಂದೇ ನಾವು ಹೇಳಿದೆವು. ಬಿಡಿಯಾಗಿ ನೋಡಿದರೆ ವಿಕ್ಟೋರಿಯಾಳ ಕಾಲಾಣೆಯೊಂದರ ಲೋಹ ಐದು ರೂಪಾಯಿಗೆ ಸ್ವಲ್ಪ ಮೇಲೆ. ನಯಾಪೈಸೆಯದು ಒಂದೂಕಾಲು ರೂಪಾಯಿಯೂ ಇಲ್ಲ. ನಾಣ್ಯ ಸಂಗ್ರಹದ ಹವ್ಯಾಸವುಳ್ಳವರ ನಡುವೆ ತೀರ ಸಾಧಾರಣವಾದ ಕಾಲಾಣೆಯೂ, ಅಕ್ಷರಗಳು ಸ್ಪಷ್ಟವಾಗಿದ್ದರೆ, ಅದಕ್ಕಿಂತ ಹೆಚ್ಚಿಗೇ ಮಾರುತ್ತದೆ. ಅಂದಮೇಲೆ ಲೋಹಕ್ಕೆಂದು ಮಾರುವವನು ಕಡಿಮೆಗೆ ಮಾರಿದಂತೆ, ಲೋಹಕ್ಕೆಂದು ಕೊಳ್ಳುವವನು ಹೆಚ್ಚಿಗೆ ಕೊಂಡಂತೆ.

ಭಾವಮೈದುನರ ಲೆಕ್ಕ

"ಇನ್ನಷ್ಟು ಕೊಂಡು ಕೂಡಿಡಿ" ಎಂಬ ಸಲಹೆಯಲ್ಲಿ ಅರ್ಧ ಸತ್ಯವಿದೆ. ಅರ್ಧ ಸತ್ಯವೇ ಹೆಚ್ಚು ಅಪಾಯಕಾರಿಯಾದುದರಿಂದ ಇದನ್ನು ಬಿಡಿಸಿ ನೋಡಬೇಕು.

1957ರಲ್ಲಿ ಒಬ್ಬರು ಒಂದು ರೂಪಾಯಿಗೆ ನೂರು ನಯಾಪೈಸೆ ಪಡೆದು ಮಡಕೆಯಲ್ಲಿಟ್ಟರೆನ್ನಿ. ಆ 150 ಗ್ರಾಂ ಲೋಹಕ್ಕೆ ಮೇಲೆ ಹೇಳಿದ ದರದಲ್ಲಿ ಈಗ 120 ರೂಪಾಯಿ. ಒಂದಕ್ಕೆ ನೂರಿಪ್ಪತ್ತು! ಕೇಳಿದರೆ ಯಾರಿಗಾದರೂ ಆಸೆ ಹುಟ್ಟೀತು. ಆದರೆ ನಮ್ಮ ಏಳನೆಯ ತರಗತಿಯ ಮಕ್ಕಳಿಗೆ ಗೊತ್ತಿರುವಂತೆ, ನೂರಕ್ಕೆ ಏಳರ ಚಕ್ರಬಡ್ಡಿಯಲ್ಲಿ ಹಣವು ಸುಮಾರು ಹತ್ತು ವರ್ಷಗಳಿಗೊಮ್ಮೆ ಇಮ್ಮಡಿಯಾಗುತ್ತದೆ. ಹತ್ತಕ್ಕೆ ಎರಡು, ಇಪ್ಪತ್ತಕ್ಕೆ ನಾಲ್ಕು, ಮೂವತ್ತಕ್ಕೆ ಎಂಟು. ಹೀಗೆಯೇ ಅರವತ್ತಕ್ಕೆ ಅರವತ್ತನಾಲ್ಕು, ಎಪ್ಪತ್ತಕ್ಕೆ ನೂರಿಪ್ಪತ್ತೆಂಟು. ಅಂದರೆ ತಾಮ್ರದ ಮಡಕೆಯು ಇಷ್ಟು ವರ್ಷ ದುಡಿದು ತಂದುದು ನೂರಕ್ಕೆ ಏಳರ ಆಸುಪಾಸಿನ ಬಡ್ಡಿಯನ್ನು ಮಾತ್ರ. ಗುಜರಿಯವನ ದರ ಹಿಡಿದರೆ ಅದಕ್ಕೂ ಕಡಿಮೆ. ಅದೇ ಕಾಲದಲ್ಲಿ ಹತ್ತು ಗ್ರಾಂ ಚಿನ್ನ ನೂರು ರೂಪಾಯಿಯ ಆಸುಪಾಸಿನಲ್ಲಿತ್ತು. 2024ರಲ್ಲಿ ಅದು ಎಪ್ಪತ್ತು ಸಾವಿರವನ್ನು ದಾಟಿತು. ಅಲ್ಲಿ ಏರಿಕೆ ಏಳು ನೂರು ಪಟ್ಟು.

ಬೆಳ್ಳಿಯ ಲೆಕ್ಕವನ್ನೂ ನೋಡೋಣ. 1940ಕ್ಕೆ ಮುಂಚಿನ ಬೆಳ್ಳಿ ರೂಪಾಯಿಯಲ್ಲಿ 10.69 ಗ್ರಾಂ ಶುದ್ಧ ಬೆಳ್ಳಿಯಿತ್ತು. ಆ ಅಜ್ಜಿಯು ಬಿಡಿಗಾಸಿನ ಬದಲಿಗೆ ಅಂತಹ ಐದು ರೂಪಾಯಿಗಳನ್ನು ಇಟ್ಟಿದ್ದರೆ, ಬೆಳ್ಳಿಯು ಕೆ.ಜಿ.ಗೆ ಎಪ್ಪತ್ತು ಸಾವಿರದಿಂದ ಒಂದು ಲಕ್ಷದವರೆಗೆ ಓಡಾಡಿದ 2024ರ ದರದಲ್ಲಿ ಅದು 3700ರಿಂದ 5300 ರೂಪಾಯಿಗಳಾಗುತ್ತಿತ್ತು. ತಾಮ್ರದ ಚೊಂಬು ಅದರ ಮೂರನೆಯ ಒಂದು ಭಾಗವನ್ನೂ ಮುಟ್ಟುವುದಿಲ್ಲ. ಇದಕ್ಕೆ ಕಾರಣ ಸರಳವಾದುದು. ಬಹುಕಾಲ ಬೆಳ್ಳಿಯ ರೂಪಾಯಿಯು ತನ್ನ ಬೆಲೆಯ ಲೋಹವನ್ನು ತನ್ನೊಳಗೇ ಹೊತ್ತಿತ್ತು. ತಾಮ್ರದ ಕಾಸಾದರೋ ಮೊದಲಿನಿಂದಲೂ ಚಿಲ್ಲರೆ ವ್ಯವಹಾರಕ್ಕೆಂದು ಮಾಡಿದ ಬಿಲ್ಲೆ; ಅದರ ಮುಖಬೆಲೆಗೆ ಒಳಗಿನ ಲೋಹ ಸಮನಾಗಿರಲಿಲ್ಲ. ಹಾಗೆಂದು ಆ ಅಜ್ಜಿಯನ್ನು ದೂರುವಂತಿಲ್ಲ. ಬೆಳ್ಳಿಯ ರೂಪಾಯಿ ಅವರ ಕೈಯಲ್ಲಿ ಒಂದು ರಾತ್ರಿ ತಂಗುವಷ್ಟು ಅನುಕೂಲ ಆ ಮನೆಗೆ ಎಲ್ಲಿತ್ತು?

ಇನ್ನು ತೂಕದ ಮಾತು. ಮೇಲೆ ಹೇಳಿದ 2024ರ ಚಿನ್ನದ ದರದಲ್ಲಿ, ಹತ್ತು ಗ್ರಾಂ ಚಿನ್ನದ ಬೆಲೆಗೆ ಸಮನಾಗಲು ಎಂಬತ್ತೇಳು ಕೆ.ಜಿ. ತಾಮ್ರ ಬೇಕಾಗುತ್ತಿತ್ತು. ಚಿನ್ನವನ್ನು ಸೀರೆಯ ಸೆರಗಿನ ತುದಿಗೆ ಕಟ್ಟಿಕೊಂಡು ಆಪತ್ತಿನ ವೇಳೆ ಓಡಬಹುದು. ತಾಮ್ರವನ್ನು ರಾಗಿಯ ಮೂಟೆಯಂತೆ ಬೆನ್ನ ಮೇಲೆ ಹೊರಬೇಕು.

ಏರಿದುದು ಏರಿಯೇ ಇರುತ್ತದೆಂಬ ನಂಬಿಕೆಗೂ ಆಧಾರವಿಲ್ಲ. ಲಂಡನ್ನಿನ ಲೋಹದ ಪೇಟೆಯಲ್ಲಿ 2011ರ ಫೆಬ್ರವರಿಯಲ್ಲಿ ಟನ್ನಿಗೆ ಹತ್ತು ಸಾವಿರ ಡಾಲರನ್ನು ದಾಟಿದ್ದ ತಾಮ್ರವು 2016ರ ಜನವರಿಯಲ್ಲಿ ನಾಲ್ಕೂವರೆ ಸಾವಿರಕ್ಕಿಂತ ಕೆಳಗೆ ಬಿತ್ತು. ಮತ್ತೆ 2024ರ ಮೇ ತಿಂಗಳಲ್ಲಿ ಹನ್ನೊಂದು ಸಾವಿರವನ್ನು ದಾಟಿತು. ಮೇಲಿದ್ದಾಗ ಕೊಂಡು, ಮಗಳ ಮದುವೆಗೋ ಆಸ್ಪತ್ರೆಯ ಖರ್ಚಿಗೋ ಕೆಳಗಿದ್ದಾಗ ಮಾರಬೇಕಾಗಿ ಬಂದ ಮನೆಯವರು ಅರ್ಧಕ್ಕರ್ಧ ಕಳೆದುಕೊಳ್ಳುತ್ತಾರೆ. ದುಡಿದ ಹಣದಲ್ಲಿ ಹಳೆಯ ತಾಮ್ರದ ಕಾಸು ಕೊಂಡು ಕೂಡಿಡುವುದು ನಮ್ಮಂತಹ ಸಂಸಾರಗಳಿಗೆ ತಕ್ಕುದಲ್ಲವೆಂಬುದೇ ನಮ್ಮ ನಿಶ್ಚಿತ ಅಭಿಪ್ರಾಯ.

ಕಾನೂನನ್ನೂ ತಿಳಿದಿರಬೇಕು. 1971ರಲ್ಲಿಯೇ ಚಿಲ್ಲರೆ ನಾಣ್ಯಗಳನ್ನು ಕರಗಿಸುವುದರ ವಿರುದ್ಧ ಒಂದು ಕಾಯಿದೆ ಬಂದಿತ್ತು. ಅದರ ಸ್ಥಾನದಲ್ಲಿ ಈಗಿರುವ 2011ರ ನಾಣ್ಯ ಕಾಯಿದೆಯಂತೆ, ಚಲಾವಣೆಯ ಮಾನ್ಯತೆಯುಳ್ಳ ನಾಣ್ಯವನ್ನು ಕರಗಿಸುವುದು, ಕರಗಿಸುವ ಉದ್ದೇಶದಿಂದ ಅಗತ್ಯಕ್ಕೆ ಮೀರಿ ಕೂಡಿಡುವುದು ಎರಡೂ ಅಪರಾಧ. ಏಳು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಚಲಾವಣೆ ತಪ್ಪಿದ ನಮ್ಮ ಮೂರು ಕಾಸಿನ ಮಾತು ಬೇರೆ. ಆದರೆ ಅದೇ ಹುಮ್ಮಸ್ಸಿನಲ್ಲಿ ಇಂದಿನ ನಾಣ್ಯಗಳನ್ನೂ ಲೋಹಕ್ಕೆಂದು ಕೂಡಿಹಾಕುವ ಬುದ್ಧಿ ಯಾರಿಗೂ ಬಾರದಿರಲಿ.

ಫೋನಿನವನ ಲೆಕ್ಕ

ಮೂರನೆಯದು ಲೆಕ್ಕವೇ ಅಲ್ಲ, ಬಲೆ. ಹಳೆಯ ನಾಣ್ಯಕ್ಕೆ ಲಕ್ಷ ಕೊಡಿಸುತ್ತೇವೆಂದು ಹೇಳಿ, ನೋಂದಣಿಗೆ ಇಷ್ಟು, ತೆರಿಗೆಗೆ ಇಷ್ಟು ಎಂದು ಮುಂಗಡ ಕೀಳುವ ಜನರಿದ್ದಾರೆ. ರಿಸರ್ವ್ ಬ್ಯಾಂಕಿನ ಹೆಸರನ್ನೇ ಬಳಸಿಕೊಂಡು ಹೀಗೆ ವಂಚಿಸುತ್ತಿದ್ದುದರಿಂದ, ಅಂತಹ ವ್ಯವಹಾರದಲ್ಲಿ ತಾನಿಲ್ಲ, ಯಾವ ಶುಲ್ಕವನ್ನೂ ಕಮಿಷನನ್ನೂ ಕೇಳುವುದಿಲ್ಲ ಎಂದು ಆ ಬ್ಯಾಂಕೇ 2021ರ ಆಗಸ್ಟ್ ತಿಂಗಳಲ್ಲಿ ಸಾರ್ವಜನಿಕರಿಗೆ ಎಚ್ಚರಿಕೆ ಕೊಟ್ಟಿತು. ಕೊಳ್ಳುವವನು ಹಣ ಕೊಡಬೇಕು. ಮಾರುವವನಿಂದಲೇ ಮೊದಲು ಹಣ ಕೇಳುವವನು ವ್ಯಾಪಾರಿಯಲ್ಲ. ಈಗಾಗಲೇ ಕಟ್ಟಿ ಮೋಸಹೋದವರು ಸಂಕೋಚಪಡದೆ ತಡಮಾಡದೆ 1930 ಎಂಬ ಸಂಖ್ಯೆಗೆ ದೂರು ಕೊಡಬೇಕು.

ಹಳೆಯದಾದ ಮಾತ್ರಕ್ಕೆ ನಾಣ್ಯಕ್ಕೆ ಲಕ್ಷ ಬರುವುದಿಲ್ಲ. ಬೆಲೆ ನಿಲ್ಲುವುದು ಎಷ್ಟು ಉಳಿದಿದೆ, ಯಾವ ಸ್ಥಿತಿಯಲ್ಲಿದೆ, ಎಷ್ಟು ಜನ ಬಯಸುತ್ತಾರೆ ಎಂಬುದರ ಮೇಲೆ. ಕಂಪನಿ ಸರ್ಕಾರವು ಮದರಾಸಿಗೆಂದು 1808ರಲ್ಲಿ ಇಂಗ್ಲೆಂಡಿನಲ್ಲಿ ಮುದ್ರಿಸಿದ ಹತ್ತು ಮತ್ತು ಇಪ್ಪತ್ತು ಕಾಸಿನ ತಾಮ್ರದ ನಾಣ್ಯಗಳನ್ನು ಹೊತ್ತ 'ಅಡ್ಮಿರಲ್ ಗಾರ್ಡ್ನರ್' ಎಂಬ ಹಡಗು 1809ರ ಜನವರಿಯಲ್ಲಿ ಇಂಗ್ಲೆಂಡಿನ ಕರಾವಳಿಯ ಮರಳದಿಬ್ಬಕ್ಕೆ ಸಿಕ್ಕಿ ಮುಳುಗಿತು. ನಮ್ಮ ಸೀಮೆಯ ಸಂತೆಗಳಲ್ಲಿ ಓಡಾಡಬೇಕಾಗಿದ್ದ ಆ ಕಾಸು 1980ರ ದಶಕದಲ್ಲಿ ಲಕ್ಷಗಟ್ಟಲೆಯಾಗಿ ಸಮುದ್ರದಿಂದ ಮೇಲೆ ಬಂತು. ಇನ್ನೂರು ವರ್ಷ ದಾಟಿದ ನಾಣ್ಯವಾದರೂ ರಾಶಿ ರಾಶಿಯಾಗಿ ಸಿಕ್ಕಿದ್ದರಿಂದ ಸಾಮಾನ್ಯ ಹವ್ಯಾಸಿಯೂ ಕೊಳ್ಳಬಲ್ಲ ಬೆಲೆಗೇ ಅದು ಸಿಗುತ್ತದೆ.

ತಳದಲ್ಲಿದ್ದ ಮೂರು ಬಿಲ್ಲೆಗಳು

ಈಗ ಬದಿಗಿಟ್ಟ ಮೂರು ಬಿಲ್ಲೆಗಳಿಗೆ ಬರೋಣ. ಮರುದಿನ ಆ ರೈತರ ಅನುಮತಿ ಪಡೆದು ಅವನ್ನು ಆರನೆಯ ತರಗತಿಗೆ ಒಯ್ದೆವು. ತೆಳುವಾದ ಕಾಗದವನ್ನು ನಾಣ್ಯದ ಮೇಲಿಟ್ಟು ಪೆನ್ಸಿಲಿನಿಂದ ಹಗುರವಾಗಿ ಉಜ್ಜಿದರೆ ಅಚ್ಚು ಮೂಡುತ್ತದೆ. ಮಕ್ಕಳು ಉಜ್ಜಿದರು. ಮೊದಲು ಒಂದು ಪ್ರಾಣಿಯ ಆಕಾರ ಬಂತು, ಅದರ ಮೇಲೆ 'ಶ್ರೀ' ಎಂಬ ಅಕ್ಷರ ಬಂತು. ಮಗುಚಿ ಉಜ್ಜಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ, "ಸಾರ್, ಇದು ನಮ್ಮ ಅಕ್ಷರ!" ಎಂದು ಕೂಗಿದ. ನಾವು ಹೇಳಿಕೊಡಲಿಲ್ಲ; ಅವನೇ ಒಂದೊಂದಾಗಿ ಕೂಡಿಸಿ ಓದಿದ: ಮಯಿಲಿ ಕಾಸು.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ನಾಣ್ಯಗಳವು, ಹತ್ತೊಂಬತ್ತನೆಯ ಶತಮಾನದ ಮೊದಲರ್ಧದವು. ಅದಕ್ಕೂ ಹಿಂದೆ ಟಿಪ್ಪು ಸುಲ್ತಾನನ ಆನೆಯ ಕಾಸು ಈ ಕಡೆ ಓಡಾಡಿತ್ತು. ಇನ್ನೂ ಹಿಂದೆ, ಪೆನುಕೊಂಡೆಯಲ್ಲಿ ಆಳಿದ ವಿಜಯನಗರದ ಅರಸರ ವಂಶಗಳೂ ತಾಮ್ರದ ಮೇಲೆ ಕನ್ನಡ ಮತ್ತು ನಾಗರಿ ಅಕ್ಷರಗಳನ್ನು ಒತ್ತಿಸಿದ್ದುವು. ನಮ್ಮ ಮಡಕಶಿರಾ ಸೀಮೆಯ ಬಹುತೇಕ ಎಲ್ಲ ದಿಕ್ಕುಗಳಲ್ಲಿಯೂ ಕರ್ನಾಟಕದ ತಾಲ್ಲೂಕುಗಳಿವೆ; ಆಡಳಿತ ಮಾತ್ರ ಮದರಾಸಿನದಾಗಿತ್ತು, ಈಗ ಆಂಧ್ರದ್ದು. ನಾವು ಇಲ್ಲಿ ಎಂದಿನಿಂದ ಇದ್ದೇವೆ, ಯಾರೊಡನೆ ಕೊಡುಕೊಳ್ಳುವುದನ್ನು ನಡೆಸಿದ್ದೆವು ಎಂಬುದಕ್ಕೆ ಶಾಸನಗಳು ಹೇಮಾವತಿಯಂತಹ ದೊಡ್ಡ ಸ್ಥಳಗಳಲ್ಲಿವೆ. ಸಾಮಾನ್ಯನ ಮನೆಯಲ್ಲಿ ಉಳಿದಿರುವ ಶಾಸನವೆಂದರೆ ಇಂತಹ ಕಾಸೇ. ಅದನ್ನು ಐದು ಹತ್ತು ರೂಪಾಯಿಯ ತಾಮ್ರಕ್ಕಾಗಿ ಮೂಸೆಗೆ ಹಾಕಿದರೆ ಮತ್ತೆ ಮುದ್ರಿಸುವ ಟಂಕಸಾಲೆ ಎಲ್ಲಿಯೂ ಇಲ್ಲ.

ಇಟ್ಟುಕೊಳ್ಳುವವರಿಗೆ ನಾಲ್ಕು ಮಾತು

ಹಳೆಯ ಕಾಸನ್ನು ಹುಣಿಸೇಹಣ್ಣಿನಿಂದ ತಿಕ್ಕಬಾರದು. ಹಬ್ಬದ ಮುಂಚೆ ತಾಮ್ರದ ಪಾತ್ರೆಗಳನ್ನು ತಿಕ್ಕುವ ಕೈಗಳು ನಾಣ್ಯವನ್ನೂ ತಿಕ್ಕಿಬಿಡುತ್ತವೆ. ಹೊಳಪು ಬರುತ್ತದೆ, ಬೆಲೆ ಹೋಗುತ್ತದೆ. ಕಂದುಬಣ್ಣದ ಆ ಪದರವೇ ಸಂಗ್ರಾಹಕರಿಗೆ ಬೇಕಾದುದು. ಕೆಲವು ವರ್ಷಗಳ ಹಿಂದೆ ಶಾಲೆಯ ವಸ್ತುಪ್ರದರ್ಶನಕ್ಕೆಂದು ನಮ್ಮ ತಾತನವರ ಇಪ್ಪತ್ತು ಕಾಸುಗಳನ್ನು ನಾವೇ ಕೈಯಾರೆ ಹುಣಿಸೇಹಣ್ಣಿನಲ್ಲಿ ನೆನೆಸಿ ಹಾಳುಮಾಡಿದೆವೆಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇವೆ.

ಬಿಲ್ಲೆಗಳನ್ನು ಒಣಗಿದ ಕಾಗದದ ಲಕೋಟೆಯಲ್ಲಿ ಬೇರೆ ಬೇರೆಯಾಗಿ ಇಡಬೇಕು. ಒದ್ದೆ, ಉಪ್ಪು, ಅಂಟಂಟಾದ ಪ್ಲಾಸ್ಟಿಕ್ ಚೀಲ ಇವು ಹಸಿರು ಕಿಲುಬನ್ನು ತರುತ್ತವೆ. ಹಿಡಿಯುವಾಗ ಅಂಚನ್ನು ಹಿಡಿಯಬೇಕು. ಲಕೋಟೆಯ ಮೇಲೆ ಯಾರದು, ಎಲ್ಲಿ ಸಿಕ್ಕಿತು ಎಂದು ಬರೆದಿಡಬೇಕು.

ಮಾರಲೇಬೇಕಾದರೆ ತೂಕಕ್ಕೆ ಮಾರದೆ, ಬೆಂಗಳೂರಿನಂತಹ ಊರುಗಳಲ್ಲಿ ನಡೆಯುವ ನಾಣ್ಯ ಪ್ರದರ್ಶನಗಳಿಗೆ ಒಯ್ದು ಇಬ್ಬರು ಮೂವರಿಗೆ ತೋರಿಸಿ ಬೆಲೆ ಕೇಳಬೇಕು. ನೂರು ವರ್ಷ ದಾಟಿದ ನಾಣ್ಯಗಳು 1972ರ ಕಾಯಿದೆಯಂತೆ ಪ್ರಾಚ್ಯವಸ್ತುಗಳು; ಅವನ್ನು ಹೊರದೇಶಕ್ಕೆ ಕಳುಹಿಸುವಂತಿಲ್ಲ. ಹೊಲ ಉಳುವಾಗಲೋ ಪಾಯ ತೋಡುವಾಗಲೋ ನಾಣ್ಯದ ಮಡಕೆ ಸಿಕ್ಕಿದರೆ ಅದು ಬೇರೆ ಮಾತು. ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕಿದವರು ಕಲೆಕ್ಟರರಿಗೆ ತಿಳಿಸಬೇಕೆಂದು 1878ರ ಕಾಯಿದೆ ಹೇಳುತ್ತದೆ. ಬಚ್ಚಿಡುವುದು ಅಪರಾಧ.

ಆ ರೈತರು ಕೊನೆಗೆ ಮಾಡಿದುದನ್ನು ಹೇಳಿ ಮುಗಿಸುತ್ತೇವೆ. ಫೋನಿನವನಿಗೆ ಕಟ್ಟಲೆಂದು ಅವರು ಸಾಲ ತಂದಿಟ್ಟಿದ್ದ ಎರಡೂವರೆ ಸಾವಿರವನ್ನು ಮರುದಿನವೇ ಮಗಳ ಶುಲ್ಕಕ್ಕೆ ಸೇರಿಸಿದರು. ಉಳಿದುದಕ್ಕೆ ಕಾಲೇಜಿನವರು ಸಂಕ್ರಾಂತಿಯವರೆಗೆ ಗಡುವು ಕೊಟ್ಟರು. ಚೊಂಬಿನಿಂದ ಒಂದು ಬಿಲ್ಲೆಯೂ ಮಾರಾಟವಾಗಲಿಲ್ಲ. ಮಯಿಲಿ ಕಾಸುಗಳಲ್ಲಿ ಒಂದನ್ನು ಮಗಳಿಗೆ ಕೊಟ್ಟು, ಒಂದನ್ನು ದೇವರ ಮನೆಯಲ್ಲಿಟ್ಟು, ಮೂರನೆಯದನ್ನು ನಮ್ಮ ಮೇಜಿನ ಮೇಲಿಟ್ಟು, "ಇದು ಶಾಲೆಗಿರಲಿ ಮೇಷ್ಟ್ರೇ, ಹುಡುಗರು ಓದಿಕೊಳ್ಳಲಿ" ಎಂದರು.

ಅದು ಈಗ ಆರನೆಯ ತರಗತಿಯ ಗಾಜಿನ ಕಪಾಟಿನಲ್ಲಿದೆ. ವರ್ಷಕ್ಕೊಮ್ಮೆ ಹೊಸ ಮಕ್ಕಳು ಬಂದಾಗ ಹೊರತೆಗೆಯುತ್ತೇವೆ. ಅಚ್ಚು ಮೂಡಿಸಿ ಓದಿದ ಮೇಲೆ ಮತ್ತೆ ಲಕೋಟೆಗೆ ಸೇರಿಸುತ್ತೇವೆ.